ಕೈಕೊಡುವ ಮಾದರಿ ವಿಮಾನದ ಎಂಜಿನ್: ದುರಸ್ತಿಯೋ, ಹೊಸದೋ, ವಿದ್ಯುತ್ ಮೋಟರೋ?

ಹಾರಾಟದ ನಡುವೆ ಪದೇ ಪದೇ ನಿಂತುಹೋಗುವ ಗ್ಲೋ ಎಂಜಿನ್ನನ್ನು (ಮೆಥನಾಲ್ ಬೆರೆತ ಇಂಧನವನ್ನು ಬಿಸಿ ತಂತಿಯ ಗ್ಲೋ ಪ್ಲಗ್ಗಿನಿಂದ ಹೊತ್ತಿಸುವ ಪುಟ್ಟ ಎಂಜಿನ್) ದುರಸ್ತಿ ಮಾಡುವುದೇ, ಹೊಸ ಎಂಜಿನ್ ಕೂರಿಸುವುದೇ, ಅಥವಾ ವಿದ್ಯುತ್ ಮೋಟರಿಗೆ ಬದಲಾಗುವುದೇ ಎಂದು ಕೇಳಿದ್ದೀರಿ.

ಖರ್ಚಿನ ದೃಷ್ಟಿಯಿಂದ ದುರಸ್ತಿಯೇ ಅಗ್ಗ. ಏಕೆಂದರೆ ದೋಷ ಎಷ್ಟೋ ಸಲ ಎಂಜಿನ್ನಿನ ಒಳಗಿರುವುದೇ ಇಲ್ಲ. ಟ್ಯಾಂಕಿನೊಳಗಿನ ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಇಂಧನದ ಜೊತೆ ಗಾಳಿ ಸೇರಿ ಮಿಶ್ರಣ ತೆಳುವಾಗುತ್ತದೆ, ಇಂಧನ ಸಾಲದೆ ಎಂಜಿನ್ ನಿಲ್ಲುತ್ತದೆ. ಗ್ಲೋ ಪ್ಲಗ್ಗಿನ ಪ್ಲಾಟಿನಂ ತಂತಿ ಹಾಳಾಗಿದ್ದರೆ, ಚಾಲೂ ಮಾಡಲು ಅದಕ್ಕೆ ಜೋಡಿಸಿದ ಬ್ಯಾಟರಿ ತೆಗೆದೊಡನೆ ಎಂಜಿನ್ನಿನ ವೇಗ ಕುಸಿಯುತ್ತದೆ. ಮೆಥನಾಲ್ ಗಾಳಿಯ ತೇವವನ್ನು ಹೀರುವುದರಿಂದ, ಮುಚ್ಚಳ ಸಡಿಲವಿದ್ದ ಹಳೆಯ ಇಂಧನವನ್ನು ನಂಬುವಂತಿಲ್ಲ. ಈ ಮೂರನ್ನೂ ಬದಲಿಸಿ ನೋಡದೆ ಎಂಜಿನ್ನನ್ನು ದೂರುವುದು ಅನ್ಯಾಯವೆಂದೇ ನನ್ನ ಭಾವನೆ.

ಬಾಳಿಕೆಯ ಮಾತು ಬೇರೆ. ಬೇರಿಂಗ್ ತುಕ್ಕು ಹಿಡಿದಿದ್ದರೆ ಅದನ್ನಷ್ಟೇ ಬದಲಿಸಬಹುದು. ಆದರೆ ಪಿಸ್ಟನ್ ಮತ್ತು ಲೈನರ್ (ಸಿಲಿಂಡರಿನ ಒಳಗೋಡೆ) ಸವೆದು, ಪ್ಲಗ್ಗಿನ ಬ್ಯಾಟರಿ ತೆಗೆದು ಪ್ರೊಪೆಲ್ಲರನ್ನು ತಿರುಗಿಸಿದಾಗ ಕಂಪ್ರೆಷನ್ನಿನ (ಒಳಗಿನ ಗಾಳಿ ಒತ್ತಲ್ಪಡುವ) ಬಿಗಿಯೇ ಸಿಗದಿದ್ದರೆ ಹೊಸ ಎಂಜಿನ್ನೇ ಲೇಸು. ಅದರ ಮೊದಲ ಕೆಲವು ಟ್ಯಾಂಕ್ ಇಂಧನವನ್ನು ಎಂಜಿನ್ ಪಳಗಿಸುವುದಕ್ಕೇ, ಅಂದರೆ ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವುದಕ್ಕೇ, ಮೀಸಲಿಡಬೇಕು.

ಸುಲಭತೆಯಲ್ಲಿ ವಿದ್ಯುತ್ ಮೋಟರ್ ಮುಂದಿದೆ: ಇಂಧನದ ಪ್ರಮಾಣ ನಿಯಂತ್ರಿಸುವ ಸೂಜಿ ಕವಾಟದ ಹೊಂದಾಣಿಕೆಯಿಲ್ಲ, ಎಣ್ಣೆಯ ಜಿಡ್ಡಿಲ್ಲ. ಆದರೆ ವೇಗ ನಿಯಂತ್ರಕ, ಲಿಥಿಯಂ ಪಾಲಿಮರ್ ಬ್ಯಾಟರಿ, ಚಾರ್ಜರ್ ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಕು. ಬ್ಯಾಟರಿಯ ತೂಕಕ್ಕೆ ತಕ್ಕಂತೆ ಗುರುತ್ವ ಕೇಂದ್ರವನ್ನು ಮತ್ತೆ ಸರಿಪಡಿಸಬೇಕು. ಬಳಸದಿರುವಾಗ ಪ್ರತಿ ಸೆಲ್ಲನ್ನು ಸುಮಾರು 3.8 ವೋಲ್ಟಿನಲ್ಲಿ ಇಡಬೇಕು.

ದಿನವಿಡೀ ಹಾರಿಸುವವರಿಗೆ, ಟ್ಯಾಂಕ್ ತುಂಬಿ ಕೂಡಲೇ ಮತ್ತೆ ಹೊರಡುವ ಅನುಕೂಲ ಎಂಜಿನ್ನಿನಲ್ಲೇ ಇದೆ. ಬಿಡುವಾದಾಗ ಹತ್ತು ನಿಮಿಷ ಹಾರಿಸುವವರಿಗೆ ಮೋಟರ್ ಹೊಂದುತ್ತದೆ.