ಇಳಿಜಾರು ತೋಟದಲ್ಲಿ ಮಣ್ಣು ನಿಲ್ಲೋಕೆ ಯಾವುದು ವಾಸಿ: ಗುಂಡಿ, ಲಾವಂಚ, ಇಲ್ಲಾ ಕಳೆ?

ಮೂಡಿಗೆರೆ, ಸಕಲೇಶಪುರ ಕಡೆಯ ಇಳಿಜಾರು ಕಾಫಿ ತೋಟಕ್ಕೆ ನನ್ನ ಓಟು ಕಳೆ ಮತ್ತು ದರಗಿಗೆ, ಅಂದರೆ ಉದುರಿ ಬಿದ್ದ ಎಲೆಗೆ. ತೊಟ್ಟಿಲು ಗುಂಡಿ (ಗಿಡದ ಸಾಲುಗಳ ನಡುವೆ ಇಳಿಜಾರಿಗೆ ಅಡ್ಡ ತೆಗೆಯೋ ಗುಂಡಿ) ಎರಡನೇದು. ಲಾವಂಚದ ಹುಲ್ಲು ಒಳ್ಳೆಯದೇ, ಆದರೆ ತೋಟದ ಒಳಗಲ್ಲ. ಕಳೆನಾಶಕ ಹೊಡೆದು ನೆಲ ಬೋಳು ಮಾಡೋದು ಕೊನೇದು, ಉಳಿದ ಮೂರರ ಹತ್ತಿರಕ್ಕೂ ಬರಲ್ಲ. ಪುರುಸೊತ್ತಿಲ್ಲದವರಿಗೆ ಇಷ್ಟು ಸಾಕು. ಉಳಿದವರು ಮುಂದೆ ಓದಿ, ಯಾಕೆಂದರೆ ನಿಮ್ಮ ಜಾಗ ಬೇರೆ ಥರ ಇದ್ದರೆ ಈ ಕ್ರಮವೇ ತಲೆಕೆಳಗಾಗುತ್ತದೆ.

ಹೋಲಿಸಿದ್ದು ಹೀಗೆ. ಹಳ್ಳದ ಕಡೆ ಇಳಿಯುವ ಒಂದೇ ಇಳಿಜಾರು, ಒಂದೇ ಸಲ ನೆಟ್ಟ ರೊಬಸ್ಟಾ, ಮೇಲೆ ಸಿಲ್ವರ್ ಓಕ್ ಮತ್ತು ಹಾಲುವಾಣದ ನೆರಳು. ಅದನ್ನು ಮೇಲಿಂದ ಕೆಳಕ್ಕೆ ನಾಲ್ಕು ಪಟ್ಟೆ ಮಾಡಿದೆ. ಒಂದರಲ್ಲಿ ಕಳೆನಾಶಕ, ಒಂದರಲ್ಲಿ ತೊಟ್ಟಿಲು ಗುಂಡಿ, ಒಂದರಲ್ಲಿ ಲಾವಂಚದ ಸಾಲು. ನಾಲ್ಕನೇದರಲ್ಲಿ ಕಳೆಯನ್ನು ಕೀಳಿಸದೆ, ನಾಲ್ಕು ಬೆರಳು ಬಿಟ್ಟು ಮೆಷಿನ್‌ನಲ್ಲಿ ಹೊಡೆಸಿ ಅಲ್ಲೇ ಹಾಸಿದೆ, ಮರಗಸಿಯ (ನೆರಳು ಮರದ ಕೊಂಬೆ ಸವರೋದು) ಸೊಪ್ಪನ್ನೂ ಅಲ್ಲೇ ಬಿಟ್ಟೆ. ಗುಂಡಿ ಮತ್ತು ಲಾವಂಚದ ಪಟ್ಟೆಗಳಲ್ಲಿ ಕಳೆ ಎಂದಿನಂತೆ ಕೈಯಲ್ಲಿ ತೆಗೆಸಿದ್ದು. ಪ್ರತಿ ಪಟ್ಟೆಯ ಕೆಳಗೆ ಒಂದು ಅಡ್ಡ ಚರಂಡಿ, ಅದರಲ್ಲಿ ಹಳೇ ಟಾರ್ಪಾಲು. ಮಳೆ ಹೊಳವಾದಾಗೆಲ್ಲ ಅಲ್ಲಿ ಕೂತ ಮಣ್ಣನ್ನು ಬಾಂಡ್ಲಿಗೆ ತುಂಬಿ ನೋಡೋದು. ಲ್ಯಾಬಿನ ಲೆಕ್ಕ ಅಲ್ಲ, ತೋಟದ ಲೆಕ್ಕ. ಮಣ್ಣಿನ ನುಣ್ಣನೆಯ ಭಾಗ ನೀರಿನ ಜೊತೆ ತೇಲಿಕೊಂಡು ಹೋಗುತ್ತದೆ, ಟಾರ್ಪಾಲಿಗೆ ಸಿಗೋದೇ ಇಲ್ಲ. ಅದಕ್ಕೆ ಆಗಾಗ ಬಾಟಲಿಯಲ್ಲಿ ನೀರು ಹಿಡಿದು ಒಂದು ದಿನ ಇಟ್ಟು, ತಳದಲ್ಲಿ ಎಷ್ಟು ಕೂತಿದೆ ಅಂತಲೂ ನೋಡಿದೆ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳೋದು ಯಾಕೆ ಅನ್ನುವವರು, ರಸ್ತೆಗೆ ಅಂತ ಜೆಸಿಬಿ ಹೊಸದಾಗಿ ಕಡಿದ ಧರೆಯ (ಗುಡ್ಡದ ಕಡಿದಾದ ಅಂಚಿನ) ಮುಂದೆ ಒಂದು ಐದು ನಿಮಿಷ ನಿಂತುಕೊಳ್ಳಿ. ಮೇಲೆ ಕಪ್ಪು ಮಣ್ಣು, ಅದು ಅಂಗೈ ಅಗಲ ಇದ್ದರೆ ನೀವು ಪುಣ್ಯವಂತರು. ಅದರ ಕೆಳಗೆ ಆಳೆತ್ತರದ ಕೆಂಪು. ಅದಕ್ಕೂ ಕೆಳಗೆ ಹಳದಿ, ಬಿಳಿ ಬೆರೆತ ಒಂದು ಪದರ. ಅದರಲ್ಲಿ ಬಂಡೆಯ ಗೆರೆಗಳು ಹಾಗೇ ಕಾಣುತ್ತವೆ, ಕಾಗೆಬಂಗಾರ ಮಿನುಗುತ್ತದೆ, ಆದರೆ ಉಗುರಲ್ಲಿ ಕೆರೆದರೆ ಪುಡಿಪುಡಿಯಾಗಿ ಉದುರುತ್ತದೆ. ಕಲ್ಲು ಮಣ್ಣಾಗೋ ಕೆಲಸ ಅಲ್ಲಿ ಇನ್ನೂ ನಡೀತಾ ಇದೆ. ನಮ್ಮ ಕಡೆ ನೆಲದಡಿ ಇರೋದು ಹೆಚ್ಚಾಗಿ ನೈಸ್ (gneiss) ಅನ್ನೋ ಪಟ್ಟೆಪಟ್ಟೆ ಬಂಡೆ, ಗೊರೂರು ಸುತ್ತಿನದು 300 ಕೋಟಿ ವರ್ಷಕ್ಕಿಂತ ಹಳೆಯದು. ಮಳೆನೀರಿನಲ್ಲಿ ಸ್ವಲ್ಪ ಹುಳಿ ಇರುತ್ತದಲ್ಲ, ಅದು ಬಂಡೆಯೊಳಗಿನ ಫೆಲ್ಡ್‌ಸ್ಪಾರ್ ಅನ್ನೋ ಖನಿಜವನ್ನು ನಿಧಾನಕ್ಕೆ ಜೇಡಿ ಮಾಡುತ್ತದೆ. ಸುಣ್ಣ, ಪೊಟ್ಯಾಷ್ ತೊಳೆದು ಹೋಗುತ್ತವೆ. ಕಬ್ಬಿಣ ಉಳಿದು ತುಕ್ಕು ಹಿಡಿದು ಕೆಂಪಾಗುತ್ತದೆ. ಮಲೆನಾಡಿನ ಮಣ್ಣು ಹುಳಿ, ಅದಕ್ಕೆ ಸುಣ್ಣ ಹಾಕಬೇಕು ಅಂತ ಹೇಳೋದು ಇದೇ ಕಾರಣಕ್ಕೆ. ಆ ಕೆಂಪಿನ ಮೇಲೆ ಎಲೆ, ಬೇರು, ಎರೆಹುಳ, ಶಿಲೀಂಧ್ರದ ಎಳೆ ಎಲ್ಲ ಸೇರಿ ಕಪ್ಪು ಪದರ ಕಟ್ಟಬೇಕು, ಒಂದು ಇಂಚಿಗೆ ನೂರಾರು ವರ್ಷ ಬೇಕು.

ಕಾಫಿ ಗಿಡ ಗೊಬ್ಬರ ಎಳೆಯೋ ಸಣ್ಣ ಬೇರು ಬಹುಪಾಲು ಮೇಲಿನ ಒಂದು ಅಡಿಯಲ್ಲೇ ಇರೋದು. ಒಂದು ಎಕರೆಯಲ್ಲಿ ಮೇಲಿನ ಒಂದೇ ಒಂದು ಮಿಲಿಮೀಟರ್ ಕೊಚ್ಚಿ ಹೋಯ್ತು ಅನ್ನಿ. ಅದು ಸುಮಾರು 4 ಘನ ಮೀಟರ್ ಮಣ್ಣು, ತೂಕ 5 ಟನ್ ಹತ್ತಿರ. ಒಂದು ಮಿಲಿಮೀಟರ್ ಹೋದರೆ ಕಣ್ಣಿಗೆ ಕಾಣೋದೇ ಇಲ್ಲ. ಅಷ್ಟೇ ಗೊಬ್ಬರ ದುಡ್ಡು ಕೊಟ್ಟು ತರಿಸಿದ್ದರೆ ಎಷ್ಟಾಗುತ್ತಿತ್ತು, ನೀವೇ ಲೆಕ್ಕ ಹಾಕಿ.

ಈಗ ಕಳೆನಾಶಕ. ನೋಡೋಕೆ ಬಲು ಚಂದ, ತೋಟ ಗುಡಿಸಿಟ್ಟ ಅಂಗಳದ ಹಾಗಿರುತ್ತದೆ. ಆಳು ಸಿಗದ ಈ ಕಾಲದಲ್ಲಿ ಒಬ್ಬನೇ ಬೆನ್ನಿಗೆ ಸ್ಪ್ರೇಯರ್ ಹಾಕಿಕೊಂಡು ಮುಗಿಸಿಬಿಡಬಹುದು, ಅದನ್ನು ಯಾರೂ ಅಲ್ಲಗಳೆಯೋಕೆ ಆಗಲ್ಲ. (ಗ್ಲೈಫೋಸೇಟ್ ಅನ್ನೋ ಕಳೆನಾಶಕವನ್ನು ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳ, ಅಂದರೆ ಕೀಟನಾಶಕ ಹೊಡೆಯೋ ಲೈಸೆನ್ಸ್ ಇರುವವರ ಮೂಲಕ ಮಾತ್ರ ಬಳಸಬೇಕು ಅಂತ ಕೇಂದ್ರ ಸರ್ಕಾರ 2022ರಲ್ಲೇ ಆದೇಶ ಮಾಡಿದೆ. ಊರಲ್ಲಿ ಎಷ್ಟು ಜನಕ್ಕೆ ಅದು ಗೊತ್ತು ಅನ್ನೋದು ಬೇರೆ ಮಾತು.) ಮೊದಲ ಮಳೆಗಳಿಗೆ ಏನೂ ಆಗಲಿಲ್ಲ. ಆರಿದ್ರಾ ಆರದೆ ಹೊಯ್ಯೋಕೆ ಶುರುವಾದ ಮೇಲೆ ಬಣ್ಣ ಬಯಲಾಯ್ತು. ಗಿಡದ ಕಾಂಡಕ್ಕೆ ಮೊಣಕಾಲೆತ್ತರ ಕೆಸರು ಸಿಡಿದಿತ್ತು. ನೆಲಕ್ಕೆ ಬಗ್ಗಿ ನೋಡಿದರೆ ಪ್ರತಿ ಸಣ್ಣ ಕಲ್ಲಿನ ಕೆಳಗೂ ಒಂದೊಂದು ಪುಟ್ಟ ಮಣ್ಣಿನ ಕಂಬ, ಕಲ್ಲು ಅದರ ತಲೆ ಮೇಲೆ ಕೂತಿದೆ. ಅಂದರೆ ಕಲ್ಲಿನ ಅಡಿಯಲ್ಲಿದ್ದದ್ದು ಉಳಿಯಿತು, ಸುತ್ತಲಿನದು ಹೋಯಿತು. ಎಷ್ಟು ಮಣ್ಣು ಹೋಗಿದೆ ಅಂತ ತಿಳಿಯೋಕೆ ಬೇರೆ ಅಳತೆಪಟ್ಟಿ ಬೇಡ, ಆ ಕಂಬದ ಎತ್ತರ ನೋಡಿದರೆ ಸಾಕು. ಟಾರ್ಪಾಲಿನಿಂದ ಬಾಂಡ್ಲಿ ಮೇಲೆ ಬಾಂಡ್ಲಿ ಎತ್ತಿದ್ದು ಈ ಪಟ್ಟೆಯಲ್ಲೇ.

"ಮೇಲೆ ಮರ ಇದೆಯಲ್ಲ ಮಾರಾಯ, ಮಳೆ ನೇರ ಎಲ್ಲಿ ಬೀಳುತ್ತೆ" ಅಂತ ಪಕ್ಕದ ತೋಟದವರು ಕೇಳಿದರು. ತುಂಬಾ ಜನ ಹಾಗೇ ಅಂದುಕೊಂಡಿದ್ದಾರೆ. ಎತ್ತರದ ಮರದ ಎಲೆ ಮೇಲೆ ಸಣ್ಣ ಹನಿಗಳು ಸೇರಿ ದಪ್ಪ ಹನಿಯಾಗಿ ತೊಟ್ಟಿಕ್ಕುತ್ತವೆ. ಮೂವತ್ತು ಅಡಿ ಮೇಲಿಂದ ಬಿದ್ದ ದಪ್ಪ ಹನಿ ನೆಲ ಮುಟ್ಟುವಾಗ ಗಂಟೆಗೆ 30 ಕಿ.ಮೀ. ಹತ್ತಿರದ ವೇಗದಲ್ಲಿರುತ್ತದೆ, ಮೋಡದಿಂದ ಬಿದ್ದ ಹನಿಗಿಂತ ಅದರ ಏಟು ಏನೂ ಕಮ್ಮಿ ಇಲ್ಲ, ಕೆಲವು ಸಲ ಜಾಸ್ತಿ. ಮಣ್ಣು ಮೊದಲು ಒಡೆಯೋದು ಈ ಏಟಿಗೆ. ಹರಿಯೋ ನೀರು ಒಡೆದದ್ದನ್ನು ಹೊತ್ತುಕೊಂಡು ಹೋಗುತ್ತದೆ ಅಷ್ಟೇ. ಅದಕ್ಕೇ ಹೊದಿಕೆ ಬೇಕಾಗಿರೋದು ಮೂವತ್ತು ಅಡಿ ಮೇಲಲ್ಲ, ನೆಲದ ಮೇಲೆ.

ತೊಟ್ಟಿಲು ಗುಂಡಿಗೆ ನಮ್ಮಲ್ಲಿ ಹಳೇ ಮರ್ಯಾದೆ ಇದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದು, ಅವರ ಶಿಫಾರಸಿನಲ್ಲೂ ಇದು ಇದೆ. ಎರಡು ಸಾಲಿನ ನಡುವೆ, ಇಳಿಜಾರಿಗೆ ಅಡ್ಡಲಾಗಿ, ಒಂದರ ಕೆಳಗೆ ಒಂದು ಬರದ ಹಾಗೆ ತೆಗೆಯಬೇಕು. ನಾನು ತೆಗೆಸಿದ್ದು ಅಂದಾಜು 50 ಸೆಂ.ಮೀ. ಅಗಲ, 25 ಸೆಂ.ಮೀ. ಆಳ. ಕೆಲಸ ಮಾಡುತ್ತದೆ, ಸುಳ್ಳಲ್ಲ. ಹರಿದು ಬಂದ ಮಣ್ಣು ಗುಂಡಿಯಲ್ಲಿ ಕೂತುಕೊಳ್ಳುತ್ತದೆ, ದರಗು ಸೇರಿ ಕೊಳೆತು ಒಳ್ಳೆ ಗೊಬ್ಬರ ಆಗುತ್ತದೆ, ಅದನ್ನೇ ಎತ್ತಿ ಬುಡಕ್ಕೆ ಕೊಡಬಹುದು. ಬೇಸಿಗೆಯಲ್ಲಿ ಗುಂಡಿ ಪಕ್ಕದ ಗಿಡ ಬಾಡೋದೂ ತಡ. ಆದರೆ ಗುಂಡಿ ಹಿಡಿಯೋದು ಆಗಲೇ ಜಾಗ ಬಿಟ್ಟು ಹೊರಟ ಮಣ್ಣನ್ನು. ಮೇಲಿನ ಗಿಡದ ಬುಡದಲ್ಲಿದ್ದದ್ದು ಕೆಳಗಿನ ಗುಂಡಿಯಲ್ಲಿ ಸಿಕ್ಕರೆ ಮೇಲಿನ ಗಿಡಕ್ಕೆ ಏನು ಬಂತು? ಎತ್ತಿ ಹಾಕೋಕೆ ಮತ್ತೆ ಆಳು ಬೇಕು. ಇನ್ನೊಂದು ತೊಂದರೆ, ಆಶ್ಲೇಷ ಮಳೆ ಹೊತ್ತಿಗೆ ಅರ್ಧಕ್ಕರ್ಧ ಗುಂಡಿಗಳು ಹೂಳು ತುಂಬಿ ಬಾಯಿ ಮುಚ್ಚಿದ್ದವು. ಆಮೇಲೆ ಬಂದ ನೀರು ಒಂದು ಗುಂಡಿಯ ಅಂಚು ಒಡೆದು ಕೆಳಗಿನದಕ್ಕೆ ನುಗ್ಗಿ, ಅದೂ ಒಡೆದು, ಅಲ್ಲೊಂದು ಕೊರಕಲೇ ಬಿತ್ತು. ಹಣ್ಣು ಕೊಯ್ಯುವವರು ಎಲೆ ಮುಚ್ಚಿದ ಗುಂಡಿಗೆ ಕಾಲಿಟ್ಟು ಬೈದುಕೊಂಡದ್ದನ್ನು ಇಲ್ಲಿ ಬರೆಯೋ ಹಾಗಿಲ್ಲ.

ಲಾವಂಚದ ಮೇಲೆ ನನಗೆ ಭಾರಿ ಆಸೆ ಇತ್ತು. ಬೇರು ನೇರ ಕೆಳಕ್ಕೆ ಇಳಿಯುತ್ತದೆ, ಮೂರು ಮೀಟರ್‌ವರೆಗೂ ಹೋಗುತ್ತದೆ, ಪಕ್ಕಕ್ಕೆ ಹಬ್ಬಿ ಕಾಫಿಗೆ ತೊಂದರೆ ಕೊಡಲ್ಲ. ಗುಂಡ್ಲುಪೇಟೆ ಕಡೆ ರೈತರು ತಲೆತಲಾಂತರದಿಂದ ಹೊಲದ ಗಡಿಗೆ ಇದನ್ನೇ ಹಾಕಿಕೊಂಡು ಬಂದಿದ್ದಾರೆ. ಮಣ್ಣು ಹಿಡಿಯೋಕೆ ಲಾವಂಚ ಅಂತ 1980ರ ದಶಕದಲ್ಲಿ ವಿಶ್ವಬ್ಯಾಂಕಿನವರು ಊರೂರಿಗೆ ಹೇಳೋಕೆ ಹೊರಟರಲ್ಲ, ಅದು ಹೊಸ ಕಂಡುಹಿಡಿತವೇನಲ್ಲ. ಗಾರೆ ಕೆಲಸದವರ ಮಟ್ಟದ ಟ್ಯೂಬು ತಂದು ಗೆರೆ ಹಾಕಿ, ನಾಲ್ಕೈದು ಇಂಚಿಗೊಂದು ಬುಡ ನೆಟ್ಟೆ. ಗೆರೆ ಮಟ್ಟವಾಗಿರಲೇಬೇಕು, ಒಂದು ಕಡೆ ತಗ್ಗಿದರೆ ನೀರೆಲ್ಲ ಅಲ್ಲಿಗೇ ಬಂದು ನುಗ್ಗುತ್ತದೆ. ತೋಟದ ರಸ್ತೆ ಅಂಚಿನಲ್ಲಿ, ಬಿಸಿಲು ಬೀಳೋ ಕಡೆ, ಎರಡು ಮಳೆಗಾಲ ಕಳೆಯೋ ಹೊತ್ತಿಗೆ ಗೋಡೆಯ ಹಾಗೆ ಕಟ್ಟಿಕೊಂಡಿತು. ಹುಲ್ಲಿನ ಹಿಂದೆ ಮಣ್ಣು ನಿಂತು ತಾನೇ ಮೆಟ್ಟಿಲಾಗಿದೆ, ಕೆಳಗೆ ಬರೋ ನೀರು ಹೆಚ್ಚು ಕಡಿಮೆ ತಿಳಿ. ಧರೆ ಕಡಿದ ಜಾಗಕ್ಕೆ ಇದಕ್ಕಿಂತ ಒಳ್ಳೆಯದು ಈ ಹೋಲಿಕೆಯಲ್ಲಿ ಇಲ್ಲ, ಸಿಮೆಂಟ್ ಗೋಡೆಗೆ ದುಡ್ಡು ಇದ್ದರೂ ನಾನು ಇದನ್ನೇ ಹಾಕುತ್ತೇನೆ. ಆದರೆ ತೋಟದ ಒಳಗೆ? ಲಾವಂಚಕ್ಕೆ ನೆರಳು ಆಗಿಬರಲ್ಲ. ಮೊದಲ ವರ್ಷ ಚಿಗುರಿತು, ಆಮೇಲೆ ತೆಳ್ಳಗಾಯ್ತು, ನಡುನಡುವೆ ಸತ್ತು ಸಾಲು ಹಲ್ಲುದುರಿದ ಹಾಗಾಯ್ತು. ಸಾಲಿನಲ್ಲಿ ಸಂದಿ ಬಿದ್ದರೆ ಸಾಲೇ ಇಲ್ಲದಿದ್ದರೂ ಒಂದೇ, ಇದ್ದರೂ ಒಂದೇ. ನೆರಳಿಲ್ಲದೆ ಕಾಫಿ ಬೆಳೆಯುವವರ ಮಾತು ಬೇರೆ.

ಕಳೆ ಮತ್ತು ದರಗಿನ ಪಟ್ಟೆಯಲ್ಲಿ ಟಾರ್ಪಾಲು ಎತ್ತಿದರೆ ಬರೀ ಎಲೆಚೂರು, ಮಣ್ಣು ಬೊಗಸೆಯಷ್ಟು. ಬಾಟಲಿಯ ನೀರು ಚಹಾ ಬಣ್ಣ, ಆದರೆ ಅದು ಎಲೆಯ ಬಣ್ಣ, ತಳದಲ್ಲಿ ಏನೂ ಕೂರಲಿಲ್ಲ. ಒಂದೆಲಗ ದಟ್ಟವಾಗಿ ಹಬ್ಬಿಕೊಂಡಿತು (ತಂಬುಳಿಗೂ ಆಯ್ತು). ಕಳೆ ಗೊಬ್ಬರ ತಿನ್ನುತ್ತದೆ ಅಂತ ಹೇಳುವವರು ಇದ್ದಾರೆ. ತಿನ್ನುತ್ತದೆ, ನಿಜ. ಕೊಚ್ಚಿ ಅಲ್ಲೇ ಹಾಸಿದರೆ ತಿಂದದ್ದನ್ನು ವಾಪಸ್ಸೂ ಕೊಡುತ್ತದೆ. ಗೊಬ್ಬರ ಹಾಕೋ ಮುಂಚೆ ಗಿಡದ ಬುಡದ ಸುತ್ತ ಮಾತ್ರ ಬಿಡಿಸಿಕೊಂಡರೆ ಆಯ್ತು.

ಇಲ್ಲೊಂದು ಸಣ್ಣ ಪರೀಕ್ಷೆ ಹೇಳುತ್ತೇನೆ, ಯಾರು ಬೇಕಾದರೂ ಮಾಡಬಹುದು. ಎರಡು ಪಟ್ಟೆಯಿಂದ ಕಡಲೆಬೀಜದಷ್ಟು ದೊಡ್ಡ ಮಣ್ಣಿನ ಹೆಂಟೆ ತಂದು ನೆರಳಲ್ಲಿ ಪೂರ್ತಿ ಒಣಗಿಸಿ, ಎರಡು ಗಾಜಿನ ಲೋಟದ ನೀರಿಗೆ ಮೆಲ್ಲಗೆ ಬಿಡಿ. ಕಳೆನಾಶಕದ ಕಡೆಯದು ಗುಳ್ಳೆ ಬಿಟ್ಟುಕೊಂಡು, ನೋಡನೋಡುತ್ತಿದ್ದ ಹಾಗೆ ಅಂಚಿನಿಂದ ಕಳಚಿ, ಲೋಟದ ತಳದಲ್ಲಿ ರಾಡಿಯಾಗಿ ಕೂತಿತು. ದರಗಿನ ಕಡೆಯದು ಸಂಜೆವರೆಗೂ ಹೆಂಟೆಯಾಗೇ ಇತ್ತು, ಅದರಿಂದ ಹೊರಗೆ ಚಾಚಿದ ಕೂದಲೆಳೆಯಷ್ಟು ಸಣ್ಣ ಬೇರು ಕೂಡ ಕಾಣುತ್ತಿತ್ತು. ಬೇರು, ಶಿಲೀಂಧ್ರದ ಎಳೆ, ಎರೆಹುಳದ ಹಿಕ್ಕೆ ಇವೇ ಮಣ್ಣಿನ ಕಣಗಳನ್ನು ಅಂಟಿಸಿ ಹಿಡಿದಿರೋದು. ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ಸಾರಜನಕ, ರಂಜಕ ಎಲ್ಲ ಬರುತ್ತದೆ, ಈ ಹಿಡಿತ ಬರಲ್ಲ.

ಕಷ್ಟಗಳೂ ಇವೆ, ಮುಚ್ಚಿಡಬಾರದು. ಇಂಬಳ (ಜಿಗಣೆ) ಜಾಸ್ತಿ, ಕೆಲಸದವರು ಆ ಪಟ್ಟೆಗೆ ಹೋಗೋಕೆ ಮುಖ ಕಿವುಚುತ್ತಾರೆ. ಉದುರಿದ ಹಣ್ಣು ದರಗಿನೊಳಗೆ ಸೇರಿದರೆ ಸಿಗೋದು ಕಷ್ಟ, ಅದರಲ್ಲಿ ಕಾಯಿಕೊರಕ ಹುಳ ಉಳಿದುಕೊಂಡು ಮುಂದಿನ ಫಸಲಿಗೆ ಏರುತ್ತದೆ. ಹಾಗಾಗಿ ಕೊಯ್ಲಿನ ಸಮಯಕ್ಕೆ ಗಿಡದ ಕೆಳಗೆ ಬಲೆ ಅಥವಾ ಟಾರ್ಪಾಲು ಹಾಸಲೇಬೇಕು. ಮಾರ್ಚ್ ತಿಂಗಳಲ್ಲಿ ಒಣ ದರಗಿಗೆ ಬೆಂಕಿ ಭಯ, ರಸ್ತೆ ಪಕ್ಕದಲ್ಲಿ ಒಂದಾಳು ಅಗಲ ಗುಡಿಸಿ ಬಿಡಬೇಕು. ಮೆಷಿನ್ನಿನ ಪೆಟ್ರೋಲು, ಹೊಡೆಯುವವನ ಸಂಬಳ ಎರಡೂ ಸೇರಿ ಕಳೆನಾಶಕಕ್ಕಿಂತ ಖರ್ಚು ಜಾಸ್ತಿನೇ ಬಂತು. ಗುಂಡಿಗಿಂತ ಕಮ್ಮಿ.

ತಲೆಕೆಳಗಾಗೋದು ಎಲ್ಲಿ ಅಂದೆನಲ್ಲ, ಅದು ಅರಸೀಕೆರೆ ಕಡೆ. ಅಕ್ಕನ ಮನೆ ಅಲ್ಲಿ. ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳೋ ಮಳೆ ಅಲ್ಲಿಗೆ ಹೆಚ್ಚು ಕಡಿಮೆ ಇಡೀ ವರ್ಷದ್ದು, ಒಂದೇ ಜಿಲ್ಲೆಯ ಸಕಲೇಶಪುರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಭಾವನ ತೆಂಗಿನ ತೋಟದಲ್ಲಿ ಗುಂಡಿ ಮತ್ತು ಬದುವೇ ಮೊದಲು, ಯಾಕೆಂದರೆ ಅಪರೂಪಕ್ಕೆ ಬರೋ ಜಡಿಮಳೆಯ ನೀರು ಅಲ್ಲೇ ಇಂಗಬೇಕು. ಅಲ್ಲಿ ಕಳೆ ಬಿಟ್ಟರೆ ಇರೋ ತೇವವನ್ನೂ ಅದೇ ಕುಡಿಯುತ್ತದೆ. ತೆಂಗಿನ ಗರಿ, ಸಿಪ್ಪೆ ಹಾಸಿದರೆ ಮಾತ್ರ ಲಾಭ. ಕೆರೆ ಗೋಡು (ಕೆರೆಯ ಹೂಳು) ಹೊಡೆಸೋದೂ ಅಲ್ಲಿ ಚಾಲ್ತಿಯಲ್ಲಿದೆ, ಅದು ಹೋದ ಮಣ್ಣನ್ನೇ ವಾಪಸ್ ತರೋ ಕೆಲಸ. ನಮ್ಮ ಹಳ್ಳದ ಮಣ್ಣು ಹೇಮಾವತಿಗೆ ಸೇರಿ ಗೊರೂರು ಡ್ಯಾಮಿನ ತಳದಲ್ಲಿ ಕೂತರೆ ವಾಪಸ್ ತರುವವರು ಯಾರು?

ಇನ್ನು ಬಹಳ ಕಡಿದಾದ ಜಾಗ ಇದ್ದವರಿಗೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿದ್ದು ನೆನಪಿದೆಯಲ್ಲ. ಅಂಥ ಕುಸಿತವನ್ನು ಕಳೆಯೂ ತಡೆಯಲ್ಲ, ಲಾವಂಚವೂ ತಡೆಯಲ್ಲ, ಅದು ಇಡೀ ಗುಡ್ಡದ ಲೆಕ್ಕ. ಆದರೆ ತೆಳು ಮಣ್ಣಿನ ಕೆಳಗೆ ಬಂಡೆ ಇರೋ ಕಡಿದಾದ ಜಾಗದಲ್ಲಿ ಸಾಲುಸಾಲು ಗುಂಡಿ ತೆಗೆದು ನೀರು ಇಂಗಿಸಿದರೆ ಮಣ್ಣಿನ ಭಾರ ಏರುತ್ತದೆ, ಹಿಡಿತ ಇಳಿಯುತ್ತದೆ. ಅಂಥಲ್ಲಿ ಗುಂಡಿ ಬೇಡವೇ ಬೇಡ. ನೀರು ಸಲೀಸಾಗಿ ಹೊರಗೆ ಹೋಗೋಕೆ ಕಲ್ಲು ಹಾಸಿದ ಚರಂಡಿ ಮಾಡಿ, ಬುಡದಲ್ಲಿ ಜೆಸಿಬಿ ಆಡಿಸಬೇಡಿ, ಇರೋ ಕಾಡುಮರ ಕಡಿಯಬೇಡಿ.

ಈಗ ನಮ್ಮಲ್ಲಿ ನಡೀತಿರೋದು ಹೀಗೆ: ತೋಟದ ಒಳಗೆಲ್ಲ ಕೊಚ್ಚಿದ ಕಳೆ ಮತ್ತು ದರಗು, ಇಳಿಜಾರು ಕಮ್ಮಿ ಇರೋ ಮೇಲ್ಭಾಗದಲ್ಲಿ ಮಾತ್ರ ಗುಂಡಿ, ರಸ್ತೆ ಮತ್ತು ಧರೆ ಅಂಚಿಗೆ ಲಾವಂಚ. ಕಳೆನಾಶಕದ ಪಟ್ಟೆಗೆ ಹಾಲುವಾಣದ ಸೊಪ್ಪು ಹಾಸಿದ್ದೇನೆ, ಅಲ್ಲಿ ಇನ್ನೂ ಪಾಚಿ ಬಿಟ್ಟರೆ ಬೇರೇನೂ ಬಂದಿಲ್ಲ. ಲಾವಂಚದ ಬುಡ ಬೇಕಾದವರು ಅಕ್ಕಪಕ್ಕದ ಊರಿನವರಾದರೆ ಮೇ ಕೊನೆಗೆ ಬನ್ನಿ, ರಸ್ತೆ ಅಂಚಿನದನ್ನು ಆಗ ಅಗೆದು ಬಿಡಿಸುತ್ತೇವೆ. ಎಲೆಯನ್ನು ಒಂದಡಿ ಬಿಟ್ಟು ಕತ್ತರಿಸಿ, ಬೇರನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಹೋಗಬೇಕು, ಗೋಣಿ ನೀವೇ ತನ್ನಿ.