ಮೊದಲ ಪ್ರಾಚೀನ ನಾಣ್ಯ ಎಲ್ಲಿ ಕೊಳ್ಳುವುದು? ಮೇಳ, ಹರಾಜು, ವಾಟ್ಸಾಪ್ ಗುಂಪು, ಫುಟ್‌ಪಾತ್: ಒಂದು ಹೋಲಿಕೆ

ನಾಣ್ಯ ಸಂಗ್ರಹಕ್ಕೆ ಹೊಸದಾಗಿ ಇಳಿಯುವ ಕನ್ನಡಿಗರು ಮೊದಲು ಕೇಳುವುದು ವಿಜಯನಗರದ ವರಹವನ್ನು. ಇಲ್ಲವಾದರೆ ವಿಷ್ಣುವರ್ಧನನ ಕಾಲದ, ‘ಶ್ರೀ ತಲಕಾಡುಗೊಂಡ’ ಎಂದು ಕನ್ನಡದಲ್ಲೇ ಬರೆದಿರುವ ಹೊಯ್ಸಳ ಚಿನ್ನವನ್ನು. ಆಸೆ ಸಹಜ. ಆದರೆ ಚಿನ್ನದ ಮೇಲೆ ಪಾಠ ಕಲಿಯಲು ಹೋದರೆ ಒಂದೊಂದು ತಪ್ಪಿಗೂ ತೆರುವ ದಂಡ ದೊಡ್ಡದು. ನಕಲಿ ಮಾಡುವವರಿಗೂ ಅಚ್ಚುಮೆಚ್ಚು ಚಿನ್ನವೇ. ಹಾಗಾಗಿ ಇಲ್ಲಿ ಅಳತೆಗೋಲಾಗಿ ಹಿಡಿದಿರುವುದು ಪಶ್ಚಿಮ ಕ್ಷತ್ರಪರ ಬೆಳ್ಳಿ ದ್ರಮ್ಮ. ಗುಜರಾತ್, ಮಾಳವಗಳನ್ನು ಆಳಿದ ಈ ಶಕ ದೊರೆಗಳ ನಾಣ್ಯ ಸಾಮಾನ್ಯವಾಗಿ ಒಂದೆರಡು ಸಾವಿರ ರೂಪಾಯಿಗೆ ಸಿಗುತ್ತದೆ. ನಾಲ್ಕೂ ದಾರಿಯಲ್ಲಿ ಕೊಂಡು, ತೂಗಿ, ಓದಿ ನೋಡಿದ ಮೇಲಿನ ಮಾತುಗಳಿವು.

ಈ ನಾಣ್ಯವೇ ಏಕೆ ಎಂದರೆ, ಇದು ತನ್ನ ಗುರುತನ್ನು ತಾನೇ ಹೇಳುತ್ತದೆ. ತೂಕ 1.8ರಿಂದ 2.4 ಗ್ರಾಂ, ಅಗಲ 15 ಮಿಲಿಮೀಟರ್ ಆಸುಪಾಸು. ಮುಮ್ಮುಖದಲ್ಲಿ ಬಲಕ್ಕೆ ತಿರುಗಿದ ರಾಜನ ತಲೆ, ತಲೆಯ ಹಿಂದೆ ಬ್ರಾಹ್ಮಿ ಅಂಕಿಗಳಲ್ಲಿ ಶಕ ವರ್ಷ. ಹಿಮ್ಮುಖದಲ್ಲಿ ಮೂರು ಕಮಾನಿನ ಬೆಟ್ಟ, ಕೆಳಗೆ ನದಿಯ ಅಲೆಗೆರೆ, ಸುತ್ತಲೂ ಬ್ರಾಹ್ಮಿ ಬರಹದಲ್ಲಿ ರಾಜನ ಹೆಸರಿನ ಜೊತೆಗೆ ಅವನ ತಂದೆಯ ಹೆಸರು. ಎರಡನೆಯ ರುದ್ರಸೇನನ ನಾಣ್ಯದಲ್ಲಿ ‘ರಾಜ್ಞೋ ಕ್ಷತ್ರಪಸ ವೀರದಾಮಪುತ್ರಸ ರಾಜ್ಞೋ ಮಹಾಕ್ಷತ್ರಪಸ ರುದ್ರಸೇನಸ’ ಎಂದಿರುತ್ತದೆ. ಅಂಕಿಗಳಿಗೆ ಸ್ಥಾನಬೆಲೆ ಇಲ್ಲ. ಉದಾಹರಣೆಗೆ ನೂರಕ್ಕೊಂದು, ಎಂಬತ್ತಕ್ಕೊಂದು, ಏಳಕ್ಕೊಂದು ಗುರುತು. ಮೂರನ್ನೂ ಕೂಡಿಸಿದರೆ ಶಕ ವರ್ಷ 187. ಅದಕ್ಕೆ 78 ಸೇರಿಸಿದರೆ ಕ್ರಿ.ಶ. 265. ಎರಡು ಸಾವಿರ ರೂಪಾಯಿ ಒಳಗೆ ರಾಜ, ಅಪ್ಪ, ವರ್ಷ ಮೂರನ್ನೂ ಹೇಳುವ ನಾಣ್ಯ ನಮ್ಮ ದೇಶದಲ್ಲಿ ಇನ್ನೊಂದು ಸಿಗುವುದು ಕಷ್ಟ. ಬಿಲ್ಲೆ ಚಿಕ್ಕದಾದ್ದರಿಂದ ಎಷ್ಟೋ ಸಲ ವರ್ಷ ಅಂಚಿನಾಚೆ ಹೋಗಿರುತ್ತದೆ. ವರ್ಷ ಪೂರ್ತಿ ಕೂತಿರುವುದನ್ನೇ ಹುಡುಕಿ.

ಮುಖ್ಯವಾದ ಲಾಭ ಇನ್ನೊಂದಿದೆ. ಈ ನಾಣ್ಯದಿಂದ ಮಾರುವವನನ್ನೂ ಪರೀಕ್ಷಿಸಬಹುದು. ‘ಇದನ್ನು ಸ್ವಲ್ಪ ಓದಿ ಹೇಳಿ’ ಎಂದು ಕೇಳಿ. ‘ಕ್ಷತ್ರಪ, ಬಹಳ ಹಳೇದು, ರೇರ್ ಪೀಸ್’ ಎಂದಷ್ಟೇ ಹೇಳುವವನು ಒಂದು ಬಗೆ. ಕಮಾನಿನ ಬೆಟ್ಟವನ್ನು ನೇರ ಹಿಡಿದು ‘ವೀರದಾಮನ ಮಗ ರುದ್ರಸೇನ, ವರ್ಷದ ಕೊನೆ ಅಂಕಿ ಸರಿಯಾಗಿ ಕಾಣ್ತಿಲ್ಲ’ ಎನ್ನುವವನು ಇನ್ನೊಂದು ಬಗೆ. ಎರಡನೆಯವನು ಕಾಣದ್ದನ್ನು ಕಾಣುವುದಿಲ್ಲ ಎಂದ. ವಿಶ್ವಾಸ ಹುಟ್ಟುವುದು ಅಲ್ಲಿ.

ಕೈಯಲ್ಲಿ ಇರಬೇಕಾದದ್ದು 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ, 10 ಪಟ್ಟಿನ ಮಸೂರ, ಒಂದು ಅಯಸ್ಕಾಂತ. ಇಷ್ಟೇ.

ಮೇಳದ ಮೇಜು

ಬೆಂಗಳೂರಿನಲ್ಲಿ ಆಗಾಗ ನಡೆಯುವ ನಾಣ್ಯ ಪ್ರದರ್ಶನಗಳಲ್ಲಿ ಹತ್ತಾರು ವ್ಯಾಪಾರಿಗಳು ಸಾಲಾಗಿ ಮೇಜು ಹಾಕಿ ಕೂರುತ್ತಾರೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಒಂದೇ ಬಗೆಯ ನಾಣ್ಯವನ್ನು ಐದಾರು ಮೇಜಿನಲ್ಲಿ ನೋಡಿ, ಬೆಲೆ ಕೇಳಿ, ಮುಟ್ಟಿ, ತೂಗಬಹುದು. ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳಬೇಡಿ. ಬೆಲೆಗಳನ್ನು ಬರೆದುಕೊಳ್ಳಿ ಸಾಕು. ಮೇಜಿನ ಮೇಲಿನ ಎಲ್‌ಇಡಿ ಬೆಳಕಲ್ಲಿ ಬೆಳ್ಳಿ ಮಿಂಚುತ್ತದೆ, ಗುಳಿಗಳು ಕಾಣುವುದಿಲ್ಲ. ಅನುಮತಿ ಕೇಳಿ ಕಿಟಕಿಯ ಬಳಿಗೆ ಒಯ್ದು, ನಾಣ್ಯವನ್ನು ಓರೆಯಾಗಿ ಹಿಡಿದು ನೋಡಿ. ಅಂಚಿನ ಸುತ್ತ ಗೆರೆ ಇದ್ದರೆ ಅದು ಎರಕದ ಜೋಡಣೆ. ಅಕ್ಷರಗಳ ಮಧ್ಯೆ ಸೂಜಿಮೊನೆಯಷ್ಟು ಗುಳ್ಳೆಗಳಿದ್ದು, ಮೈ ಸೋಪಿನ ಹಾಗೆ ನಯವಾಗಿದ್ದರೆ ಅದೂ ಎರಕವೇ. ಟಂಕಿಸಿದ, ಅಂದರೆ ಅಚ್ಚಿಟ್ಟು ಹೊಡೆದ ಅಸಲಿ ನಾಣ್ಯದಲ್ಲಿ ಲೋಹ ಒತ್ತಡಕ್ಕೆ ಹರಿದು, ಅಂಚಿನಲ್ಲಿ ಸಣ್ಣ ಬಿರುಕು ಬಿಟ್ಟಿರುತ್ತದೆ. ಹೊಸಬರು ಆ ಬಿರುಕನ್ನು ದೋಷವೆಂದು ತಿಳಿದು ಒಳ್ಳೆಯದನ್ನು ಬಿಟ್ಟು ನುಣುಪಾದ ನಕಲಿಯನ್ನು ಎತ್ತಿಕೊಳ್ಳುತ್ತಾರೆ. ಬೇಸರವಾಗುವಷ್ಟು ಸಲ ನಡೆಯುವ ತಪ್ಪು ಇದು.

ಚೌಕಾಸಿ ನಡೆಯುತ್ತದೆ. ಆದರೆ ಚೌಕಾಸಿಯ ಬಲವನ್ನು ಬೆಲೆಗಿಂತ ಬಿಲ್‌ಗೆ ಖರ್ಚು ಮಾಡಿ. ಬಿಲ್‌ನಲ್ಲಿ ‘ಹಳೆ ನಾಣ್ಯ 1’ ಎಂದು ಬರೆಸಿಕೊಂಡರೆ ಅದು ಕಾಗದವಷ್ಟೇ. ರಾಜನ ಹೆಸರು, ತೂಕ, ‘ಅಸಲಿ, ಇಲ್ಲವಾದರೆ ಪೂರ್ಣ ಹಣ ವಾಪಸ್’ ಎಂಬ ಸಾಲು, ದಿನಾಂಕ, ಸಹಿ ಇರಬೇಕು. ಇಷ್ಟು ಬರೆಯಲು ಒಪ್ಪುವವನಿಗೆ ನೂರಿನ್ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಒಪ್ಪದವನ ನಾಣ್ಯ ಅರ್ಧ ಬೆಲೆಗೆ ಸಿಕ್ಕರೂ ದುಬಾರಿ.

ಹರಾಜು

ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ತೋಡಿವಾಲಾ, ಅಹಮದಾಬಾದಿನ ಕ್ಲಾಸಿಕಲ್ ನ್ಯೂಮಿಸ್ಮ್ಯಾಟಿಕ್ ಗ್ಯಾಲರಿಯಂಥ ಸಂಸ್ಥೆಗಳು ಕ್ಯಾಟಲಾಗ್ ಹೊರಡಿಸಿ ಹರಾಜು ನಡೆಸುತ್ತವೆ. ಮೇಳಕ್ಕೆ ಹೋಲಿಸಿದರೆ ಇಲ್ಲಿ ದೊಡ್ಡ ಲಾಭ ದಾಖಲೆ. ಹರಾಜಿನ ಸಂಖ್ಯೆ, ಲಾಟ್ ಸಂಖ್ಯೆ, ಚಿತ್ರ, ವಿವರಣೆ ಮುದ್ರಣದಲ್ಲಿ ಉಳಿಯುತ್ತವೆ. ಮುಂದೆ ಮಾರುವಾಗ ನಾಣ್ಯ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಸಿದ್ಧವಾಗಿರುತ್ತದೆ.

ತೊಡಕು ಎರಡು. ಮೊದಲನೆಯದು ಲೆಕ್ಕ. ಕೂಗು 1,800ಕ್ಕೆ ನಿಂತಿತು ಎಂದುಕೊಳ್ಳಿ. ಸಂಸ್ಥೆಯ ಕಮಿಷನ್ 15% ಇದ್ದರೆ 270, ಆ ಕಮಿಷನ್ ಮೇಲೆ 18% ಜಿಎಸ್‌ಟಿ ಹಿಡಿದರೆ 49, ಕೊರಿಯರ್‌ಗೆ 150. ಕೈಬಿಟ್ಟು ಹೋಗುವುದು ಸುಮಾರು 2,270. ಕಮಿಷನ್ ಮತ್ತು ತೆರಿಗೆ ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ನಿಯಮಗಳ ಪುಟ ಓದದೆ ಕೂಗಬೇಡಿ. ಕೊನೆಯ ಮೊತ್ತವನ್ನು ಮೊದಲು ನಿರ್ಧರಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಕೂಗಿನ ಮಿತಿ ಬರೆದಿಡಿ. ಎರಡನೆಯದು ಚಿತ್ರ. 15 ಮಿಲಿಮೀಟರ್ ನಾಣ್ಯ ಪರದೆಯ ಮೇಲೆ ಅಂಗೈಯಗಲ ಕಾಣುತ್ತದೆ. ಕೈಗೆ ಬಂದಾಗ ಶರ್ಟಿನ ಗುಂಡಿಯಷ್ಟಿರುತ್ತದೆ. ಹರಾಜಿಗೆ ಮುನ್ನ ವೀಕ್ಷಣೆಗೆ ದಿನ ಕೊಟ್ಟಿದ್ದರೆ ಹೋಗಿ ನೋಡಲೇಬೇಕು. ಹತ್ತು, ಇಪ್ಪತ್ತು ನಾಣ್ಯ ಕಟ್ಟಿ ಮಾರುವ ಗುಂಪು ಲಾಟ್‌ಗಳನ್ನು ಸಾಮಾನ್ಯವಾಗಿ ವಾಪಸ್ ಪಡೆಯುವುದಿಲ್ಲ. ಹೊಸಬರು ಅವುಗಳಿಂದ ದೂರ ಇರಲಿ.

ವಾಟ್ಸಾಪ್, ಫೇಸ್‌ಬುಕ್ ಗುಂಪು

ಬೆಲೆ ಇಲ್ಲೇ ಕಡಿಮೆ, ಆತುರವೂ ಇಲ್ಲೇ ಹೆಚ್ಚು. ಫೋಟೋ ಬಿದ್ದ ಅರೆಕ್ಷಣದಲ್ಲಿ ಯಾರೋ ‘ಬುಕ್ಡ್’ ಎಂದು ಹಾಕುತ್ತಾರೆ, ಉಳಿದವರು ಹಿಂದೆ ಬೀಳಬಾರದೆಂದು ತೂಕವನ್ನೂ ಕೇಳದೆ ಯುಪಿಐ ಒತ್ತುತ್ತಾರೆ. ಕೊಳ್ಳುವ ಮೊದಲು ಮೂರು ಫೋಟೋ ಕೇಳಿ: ತಕ್ಕಡಿಯ ಮೇಲಿಟ್ಟದ್ದು, ಅಂಚು ಕಾಣುವಂತೆ ನಿಲ್ಲಿಸಿದ್ದು, ಇಂದಿನ ದಿನಾಂಕ ಬರೆದ ಚೀಟಿಯ ಮೇಲಿಟ್ಟದ್ದು. ಮೂರನೆಯದು ಬೇರೆಯವರ ಫೋಟೋ ಕದ್ದು ಹಾಕುವವರನ್ನು ಸೋಸಲು. ನೋಡಿದ ಕ್ಷತ್ರಪ ನಾಣ್ಯಗಳ ಫೋಟೋಗಳನ್ನೆಲ್ಲ ಒಂದು ಫೋಲ್ಡರಿನಲ್ಲಿ ಉಳಿಸುತ್ತ ಹೋಗಿ. ಒಂದೇ ಅಚ್ಚಿನಿಂದ ಎರಡು ಅಸಲಿ ನಾಣ್ಯ ಹುಟ್ಟಬಹುದು. ಆದರೆ ಬಿಲ್ಲೆಯ ಆಕಾರ, ಬಿರುಕು, ಗೀರು ಎಲ್ಲವೂ ಒಂದೇ ಇರುವ ಎರಡು ನಾಣ್ಯ ಕಂಡರೆ ಕನಿಷ್ಠ ಒಂದಂತೂ ಎರಕದ ನಕಲು. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿ. ಮೇಳದಲ್ಲಿ ಮುಖ ನೋಡಿ ವ್ಯವಹರಿಸಿದ ವ್ಯಾಪಾರಿಯೇ ಗುಂಪಿನಲ್ಲೂ ಇದ್ದರೆ ಮಾತ್ರ ಈ ದಾರಿ ಹಿಡಿಯಬಹುದು.

ಫುಟ್‌ಪಾತ್

ಇದನ್ನು ಬೇಗ ಮುಗಿಸಬಹುದು. ರಾಮ, ಹನುಮಂತರ ಚಿತ್ರವಿರುವ, 1616, 1717, 1818 ಎಂದು ಬರೆದ ‘ಈಸ್ಟ್ ಇಂಡಿಯಾ ಕಂಪನಿ’ ತಾಮ್ರದ ಬಿಲ್ಲೆಗಳನ್ನು ಕಂಪನಿ ಎಂದೂ ಟಂಕಿಸಿಲ್ಲ. ಅಕ್ಕಿ ಎಳೆಯುತ್ತದೆ ಎಂಬ ‘ರೈಸ್ ಪುಲ್ಲಿಂಗ್’ ಮೋಸಕ್ಕೂ ಇಂಥವನ್ನೇ ಬಳಸುತ್ತಾರೆ. ಹಳೆ ನಾಣ್ಯಕ್ಕೆ ಲಕ್ಷ ಕೊಡಿಸುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವ ಕರೆಗಳದ್ದೂ ಅದೇ ಜಾತಿ. ತನ್ನ ಹೆಸರು ಬಳಸಿ ಹೀಗೆ ಹಣ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ‘ಹೊಲ ಉಳುವಾಗ ಸಿಕ್ಕಿದ್ದು’ ಎಂದು ಮಡಕೆಯ ಮಣ್ಣಿನ ಸಮೇತ ತೋರಿಸಿದರೆ ಎರಡರಲ್ಲೊಂದು: ಸುಳ್ಳಾದರೆ ನಕಲಿ, ನಿಜವಾದರೆ ಜಿಲ್ಲಾಡಳಿತಕ್ಕೆ ತಿಳಿಸಬೇಕಾದ ನಿಧಿ. ಎರಡನ್ನೂ ಕೊಳ್ಳಬಾರದು. ನಾಸಿಕ್ ಜಿಲ್ಲೆಯ ಜೋಗಲ್ತೆಂಬಿಯಲ್ಲಿ 1906ರಲ್ಲಿ ಸಿಕ್ಕ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳಲ್ಲಿ ಬಹುಪಾಲು ಕ್ಷತ್ರಪ ದೊರೆ ನಹಪಾನನ ನಾಣ್ಯದ ಮೇಲೆ ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿ ತನ್ನ ಮುದ್ರೆ ಒತ್ತಿಸಿದವು. ಯಾರು ಗೆದ್ದರು ಎಂಬುದಕ್ಕೆ ಅಂಥ ಸಾಕ್ಷಿ ಸಿಕ್ಕಿದ್ದು ರಾಶಿ ಒಟ್ಟಿಗೆ ಉಳಿದದ್ದರಿಂದ. ಬಿಡಿಬಿಡಿಯಾಗಿ ಮಾರಾಟವಾಗಿದ್ದರೆ ಆ ಕಥೆ ಅರ್ಧ ಅಳಿಸಿಹೋಗುತ್ತಿತ್ತು.

ವಿದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು: 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತು. ರಜೆಗೆ ಬಂದಾಗ ಕೊಂಡು ಸೂಟ್‌ಕೇಸಿನಲ್ಲಿ ಒಯ್ಯುವಂತಿಲ್ಲ.

ಹಾಗಾದರೆ ಸರದಿ? ಮೊದಲ ಮೂರು ನಾಣ್ಯ ಮೇಳದಲ್ಲಿ, ಆಮೇಲೆ ಹರಾಜು. ಗುಂಪು ಮೂರನೆಯದು. ಫುಟ್‌ಪಾತ್ ಬೇಡ.

ಎಲ್ಲಿಂದ ತಂದರೂ ವಾಪಸಾತಿಯ ಗಡುವಿನೊಳಗೆ ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ತಕ್ಕಡಿಯ ಮೇಲೆ ನೀರಿನ ಪುಟ್ಟ ಲೋಟ ಇಟ್ಟು, ಗುಳ್ಳೆ ಅಂಟದಿರಲು ಒಂದು ಹನಿ ಪಾತ್ರೆ ತೊಳೆಯುವ ದ್ರಾವಣ ಹಾಕಿ, ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳ, ಗೋಡೆ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ನಾಣ್ಯದ ತೂಕವನ್ನು ಆಗ ಕಾಣುವ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಬರುತ್ತದೆ. 2.10 ಗ್ರಾಮಿನ ನಾಣ್ಯ ಒಳ್ಳೆಯ ಬೆಳ್ಳಿಯದಾದರೆ 0.20–0.21 ಕಾಣುತ್ತದೆ, ಹಿತ್ತಾಳೆ, ಜರ್ಮನ್ ಸಿಲ್ವರ್ ಆದರೆ 0.24–0.25. ಇದು ಲೋಹವನ್ನು ಹೇಳುತ್ತದೆ, ವಯಸ್ಸನ್ನಲ್ಲ. ಅಸಲಿ ಬೆಳ್ಳಿಯಲ್ಲೇ ಎರಕ ಹೊಯ್ದ ನಕಲು ಇದರಲ್ಲಿ ಪಾಸಾಗುತ್ತದೆ. ಹೊಳಪಿಗಾಗಿ ಹುಣಸೆಹಣ್ಣು, ನಿಂಬೆರಸ ಮಾತ್ರ ತಾಗಿಸಬೇಡಿ, ಮೈ ಕಿತ್ತುಹೋದ ನಾಣ್ಯವನ್ನು ಯಾರೂ ವಾಪಸ್ ಪಡೆಯುವುದಿಲ್ಲ.

3.4 ಗ್ರಾಮಿನ ವರಹಕ್ಕೆ ಈ ಪರೀಕ್ಷೆ ಹೇಗೋ ಸಾಲುತ್ತದೆ. ಮೈಸೂರಿನ ಪುಟ್ಟ ಚಿನ್ನದ ನಾಣ್ಯವಾದ 0.35 ಗ್ರಾಮಿನ ಕಂಠೀರವ ಹಣಕ್ಕೆ ಸಾಲದು: ನೀರಿನಲ್ಲಿ ಕಾಣುವ ಅಂಕಿ 0.02ರಿಂದ 0.04ರೊಳಗೆ, ತಕ್ಕಡಿ ಒಂದಂಕಿ ಆಚೀಚೆಯಾದರೂ ಅದರಲ್ಲಿ ಚಿನ್ನ ಯಾವುದು ತಾಮ್ರ ಯಾವುದು ತಿಳಿಯದು. 0.001 ಗ್ರಾಂ ತೋರಿಸುವ ತಕ್ಕಡಿ ಬರುವವರೆಗೆ ಈ ನಾಣ್ಯವನ್ನು, ಬಿಲ್‌ನಲ್ಲಿ ‘ವಾಪಸ್’ ಎಂದು ಬರೆದುಕೊಡುವವರ ಹೊರತು ಬೇರೆಯವರಿಂದ ಕೊಳ್ಳಬೇಡಿ.