ಬಾಡಿಗೆ ಮನೆಯ ಜಿಮ್: ಸಿಮೆಂಟೋ, ಕಬ್ಬಿಣವೋ, ರಬ್ಬರೋ?

ಬೆಂಗಳೂರಿನ ಬಾಡಿಗೆ ಮನೆಯಲ್ಲಿ ವ್ಯಾಯಾಮಕ್ಕೆ ಜಾಗ ಮಾಡಿಕೊಳ್ಳುವಾಗ ಮೂರು ತಾಪತ್ರಯ. ಗೋಡೆಗೆ ಡ್ರಿಲ್ ಹಾಕುವ ಹಾಗಿಲ್ಲ, ಓನರ್ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾರೆ. ಕೆಳಗಿನ ಮನೆಗೆ ಸದ್ದು ಕೇಳಬಾರದು. ಮನೆ ಬದಲಿಸುವಾಗ ಹೊತ್ತುಕೊಂಡು ಹೋಗುವಂತಿರಬೇಕು. ನನಗಿರುವುದು ಹಾಲ್‌ನಲ್ಲಿ ಸೋಫಾ ಸರಿಸಿದರೆ ಸಿಗುವ 6 ಅಡಿ ಉದ್ದ, 4 ಅಡಿ ಅಗಲದ ಜಾಗ. ಅಷ್ಟಕ್ಕೇ ಏನೇನೋ ತಂದು ನೋಡಿದ್ದೇನೆ.

ಮೊದಲು ಡಂಬಲ್ಸ್. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ 20 ಕೆಜಿ ಸೆಟ್‌ಗಳಲ್ಲಿ ಜಾಸ್ತಿ ಇರುವುದು ಪ್ಲಾಸ್ಟಿಕ್ ಒಳಗೆ ಸಿಮೆಂಟ್ ತುಂಬಿದ ಪ್ಲೇಟ್. ತೂಕದಲ್ಲೇನೂ ಮೋಸವಿಲ್ಲ. ಆದರೆ ಅದೇ ತೂಕದ ಕಬ್ಬಿಣಕ್ಕಿಂತ ಸುಮಾರು ಮೂರು ಪಟ್ಟು ಗಾತ್ರ. 10 ಕೆಜಿ ಹಾಕಿ ಕೈ ಮಡಚಿದರೆ ಪ್ಲೇಟಿನ ಅಂಚು ಮುಂಗೈಗೆ ಬಡಿಯುತ್ತದೆ, ಇಳಿಸುವಾಗ ತೊಡೆಗೆ. ನನ್ನದು ಒಂದು ಸಲ ನೆಲಕ್ಕೆ ಬಿದ್ದು ಪ್ಲಾಸ್ಟಿಕ್ ಸೀಳಿತು. ಆಮೇಲೆ ಎತ್ತಿದಾಗಲೆಲ್ಲ ಬೂದು ಪುಡಿ. ಕಸ ಗುಡಿಸುವವರ ಬಾಯಿಗೆ ಯಾರು ಸಿಗುತ್ತಾರೆ?

ಕಬ್ಬಿಣದ್ದು ಹೊಸದು ದುಬಾರಿ, ಸೆಕೆಂಡ್ ಹ್ಯಾಂಡ್ ಪರವಾಗಿಲ್ಲ. ಜನವರಿಯಲ್ಲಿ ಹುಮ್ಮಸ್ಸಿನಿಂದ ಕೊಂಡವರು ಯುಗಾದಿ ಹೊತ್ತಿಗೆ ಮಾರಲು ನಿಂತಿರುತ್ತಾರೆ, ಚೌಕಾಸಿಗೆ ಅದೇ ಸರಿಯಾದ ಕಾಲ. ಹೋಗುವಾಗ ಪ್ಲೇಟ್ ಸಿಕ್ಕಿಸುವ ನಿಮ್ಮ ರಾಡ್ ಜೊತೆಗೇ ಒಯ್ಯಿರಿ. ಪ್ಲೇಟಿನ ತೂತುಗಳು ಎಲ್ಲ ಒಂದೇ ಅಳತೆ ಇರುವುದಿಲ್ಲ. ಸಡಿಲ ಕೂತರೆ ಪ್ರತಿ ಸಲ ಎತ್ತಿದಾಗಲೂ ಕಟಕಟ ಸದ್ದು. ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ಬಟ್ಟೆಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಮುಗಿಯಿತು. ಬೇಡವಾದರೆ ಗುಜರಿಯವನೂ ಕೆಜಿ ಲೆಕ್ಕದಲ್ಲಿ ದುಡ್ಡು ಕೊಡುತ್ತಾನೆ. ಸಿಮೆಂಟಿಗೆ ಆ ಯೋಗವಿಲ್ಲ.

ಅಂದ ಹಾಗೆ, ಅಡುಗೆಮನೆಯ ನೀರಿನ ಕ್ಯಾನ್ ಇದೆಯಲ್ಲ, 20 ಲೀಟರ್ ಅಂದರೆ 20 ಕೆಜಿ. ತಬ್ಬಿಕೊಂಡು ಬಸ್ಕಿ ಹೊಡೆಯಲು ಚೆನ್ನಾಗಿದೆ. ಮುಚ್ಚಳ ಮಾತ್ರ ನೋಡಿಕೊಳ್ಳಿ.

ಬೆನ್ನಿನ ವ್ಯಾಯಾಮಕ್ಕೆ ಬಾಗಿಲ ಬಾರ್ ಅಥವಾ ಕೈಯಲ್ಲಿ ಹಿಡಿದು ಎಳೆಯುವ ರಬ್ಬರ್ ಟ್ಯೂಬ್. ಬಾರ್‌ನ ಮೇಲೆ ಜೋತಾಡಿ ಪುಲ್ ಅಪ್ ತೆಗೆಯುವ ಸುಖ ಟ್ಯೂಬ್‌ನಲ್ಲಿಲ್ಲ, ಒಪ್ಪಿದೆ. ಆದರೆ ಸ್ಕ್ರೂ ಹೊಡೆಯದೆ ಚೌಕಟ್ಟಿನ ನಡುವೆ ಬಿಗಿಯುವ ಬಾರ್ ನನಗೆ ಧೈರ್ಯ ಕೊಡಲಿಲ್ಲ. ನಮ್ಮ ಬಚ್ಚಲಮನೆಯದು ನುಣುಪು ಗ್ರಾನೈಟ್ ಚೌಕಟ್ಟು, ಅಲ್ಲಂತೂ ಕೂರಲೇ ಇಲ್ಲ. ಸ್ಕ್ರೂ ಹೊಡೆದರೆ ಮತ್ತೆ ಓನರ್.

ಟ್ಯೂಬ್ ಒಂದು ಡ್ರಾಯರ್‌ನಲ್ಲಿ ಹಿಡಿಸುತ್ತದೆ, ಸದ್ದಿಲ್ಲ. ಬಾಗಿಲ ಸಂದಿಗೆ ಅದರ ಪಟ್ಟಿ ಸಿಕ್ಕಿಸುವಾಗ ಒಂದು ವಿಷಯ: ನೀವು ಎಳೆದಷ್ಟೂ ಬಾಗಿಲು ಇನ್ನಷ್ಟು ಮುಚ್ಚಿಕೊಳ್ಳುವ ಕಡೆ ನಿಲ್ಲಿ. ಉಲ್ಟಾ ನಿಂತರೆ ಬಾಗಿಲೇ ಮುಖಕ್ಕೆ ಬರುತ್ತದೆ. ಇದರ ಕೊರತೆ ಏನೆಂದರೆ ಶುರುವಿನಲ್ಲಿ ಹಗುರ, ಎಳೆದಂತೆ ಭಾರ. ಹೋದ ವಾರಕ್ಕಿಂತ ಎಷ್ಟು ಜಾಸ್ತಿ ಎತ್ತಿದೆ ಅಂತ ಲೆಕ್ಕ ಸಿಗುವುದಿಲ್ಲ. ಟೆರೇಸ್ ಬಿಸಿಲಿಗೆ ಬಿಟ್ಟರೆ ರಬ್ಬರ್ ಸಣ್ಣಗೆ ಬಿರಿಯುತ್ತದೆ. ಬಿರುಕು ಕಂಡರೆ ಎಸೆಯಿರಿ, ಕಿತ್ತು ಕಣ್ಣಿಗೆ ಹೊಡೆದೀತು.

ಮ್ಯಾಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಯೋಗಕ್ಕೆ ತೆಳು ಮ್ಯಾಟ್ ಸಾಕು, ಡಂಬಲ್ಸ್ ಇಡುವ ಕಡೆ ಒಂದಕ್ಕೊಂದು ಸಿಕ್ಕಿಸುವ ಫೋಮ್ ಹಾಸು ಹಾಕಿ. ಜಮಖಾನ ಟೈಲ್ಸ್ ಮೇಲೆ ಜಾರುತ್ತದೆ.

ನನ್ನ ಆಯ್ಕೆ: ಹಳೆಯ ಕಬ್ಬಿಣದ ಪ್ಲೇಟು, ಒಂದು ಜೊತೆ ರಾಡ್, ಟ್ಯೂಬ್. ಅಷ್ಟೂ ದುಡ್ಡು ಒಟ್ಟಿಗೆ ಇಲ್ಲದಿದ್ದರೆ ಈ ತಿಂಗಳು ಟ್ಯೂಬ್ ತನ್ನಿ, ಮುಂದಿನ ತಿಂಗಳು ಕಬ್ಬಿಣ.